ಊರು ಬಿಟ್ಟವರೊಡನೆ ಧರ್ಮಸಭೆ



ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಚಾರಿತ್ರಿಕ ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡಾಗ ನಾವು ಮೊದಲು ತೆರೆದು ನೋಡಿದ್ದು ಗುರುನಿವಾಸದ ಕಬ್ಬಿಣದ ಬೀರುವಿನಲ್ಲಿರುವ ಪ್ರಥಮ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು. ಗೋಪುರ ಎದ್ದ ಬಗೆ, ಗಂಟೆ ಬಂದ ಬಗೆ, ದಾನಿಗಳ ನಾಮಾವಳಿ, ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಪಟ್ಟಿ ಇವೆಲ್ಲವನ್ನೂ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಲ್ಲವರು ಬರೆದಿದ್ದಾರೆ. ನಮ್ಮ ದೃಷ್ಟಿ ನಿಂತದ್ದು ಆ ಪುಸ್ತಕದ ಒಂದು ಅಂಕಣದ ಮೇಲೆ. ಕಂದುಬಣ್ಣಕ್ಕೆ ತಿರುಗಿದ ಮಸಿಯಲ್ಲಿ, ಲ್ಯಾಟಿನ್ ಭಾಷೆಯಲ್ಲಿ, ಅಂದಿನ ಗುರುಗಳು ಶಿಶುವಿನ ಹೆಸರು, ತಂದೆತಾಯಿಗಳ ಹೆಸರು ಬರೆದು ಅವರ ಊರನ್ನೂ ಬರೆದಿಟ್ಟಿದ್ದಾರೆ. ಮೊದಲ ಮೂವತ್ತು ಪುಟಗಳನ್ನು ತಿರುವಿದರೂ ಈ ಊರಿನವರು ಎಂದು ಹೇಳಿಕೊಳ್ಳುವವರು ಒಬ್ಬಿಬ್ಬರಿಗಿಂತ ಹೆಚ್ಚು ಸಿಗುವುದಿಲ್ಲ. ಕೆಲವರು ಘಟ್ಟದ ಕೆಳಗಿನವರು, ಕೆಲವರು ಮಲಬಾರಿನವರು, ಕೆಲವರು ತಮಿಳು ಸೀಮೆಯವರು, ಉಳಿದವರು ಮೈಸೂರು ಬಯಲು ಸೀಮೆಯವರು. ಮೇಸ್ತ್ರಿ ಕೊಟ್ಟ ಮುಂಗಡ ಹಣಕ್ಕೆ ಹೆಬ್ಬೆಟ್ಟು ಒತ್ತಿ, ಗಂಟುಮೂಟೆ ಹೊತ್ತು, ಕಾಫಿ ತೋಟದ ಕೆಲಸಕ್ಕೆಂದು ಘಟ್ಟ ಹತ್ತಿದವರು. ಇಂದು ಮುಂದಿನ ಪೀಠಗಳಲ್ಲಿ ಕುಳಿತು ಬಲಿಪೂಜೆಯಲ್ಲಿ ಭಾಗವಹಿಸುವ ನಾವೆಲ್ಲರೂ ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು.

ಘಟ್ಟದ ಕೆಳಗಿನವರಿಗಾದರೂ ಅದು ಮೊದಲನೆಯ ವಲಸೆಯಾಗಿರಲಿಲ್ಲ. ಅವರ ಪೂರ್ವಜರು ಹದಿನಾರನೆಯ ಶತಮಾನದಿಂದ ಮೊದಲುಗೊಂಡು ಬರಗಾಲಕ್ಕೆ, ಕಂದಾಯದ ಭಾರಕ್ಕೆ, ಯುದ್ಧಕ್ಕೆ, ಧಾರ್ಮಿಕ ವಿಚಾರಣಾಲಯದ ಭಯಕ್ಕೆ ಗೋವೆಯನ್ನು ಬಿಟ್ಟು ಕನ್ನಡ ಕರಾವಳಿಗೆ ಬಂದವರು. ಕೆಳದಿಯ ಅರಸರು ಅವರನ್ನು ಒಳ್ಳೆಯ ಬೇಸಾಯಗಾರರೆಂದು ಬರಮಾಡಿಕೊಂಡು ಭೂಮಿ ಕೊಟ್ಟರು. 1784ರಲ್ಲಿ ಅದೇ ಜನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆದುಹೋದರು. 1799ರಲ್ಲಿ ಬಿಡುಗಡೆಯಾದಾಗ ಹಿಂದಿರುಗಿದವರು ಕೆಲವರೇ. ಆ ಕಥೆಯನ್ನು ನಮ್ಮ ಹಿರಿಯರ ಬಾಯಿಂದ ನಾವೆಲ್ಲರೂ ಕೇಳಿದ್ದೇವೆ, ಆದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ನಮ್ಮ ಮನಸ್ಸಿನಲ್ಲಿ ಎದ್ದ ಪ್ರಶ್ನೆ ಬೇರೆ. ಊರು ಬಿಟ್ಟು ಹೋಗುವವನ ವಿಷಯದಲ್ಲಿ ಧರ್ಮಸಭೆ ಏನು ಮಾಡಿತು? ಅವನಿಗಾಗಿ ಪ್ರಾರ್ಥಿಸಿತೆ, ಅವನಿಗೆ ಒಂದು ಹೊತ್ತಿನ ಗಂಜಿ ಕೊಟ್ಟಿತೆ, ಅವನ ಜೊತೆಯಲ್ಲಿ ಹೋಯಿತೆ, ಅವನ ಪರವಾಗಿ ಅಧಿಕಾರಸ್ಥರ ಮುಂದೆ ಬಾಯಿ ತೆರೆಯಿತೆ? ಉತ್ತರವನ್ನು ಹುಡುಕುತ್ತಾ ನಾವು ಇಟಲಿಯ ಒಬ್ಬ ಧರ್ಮಾಧ್ಯಕ್ಷರ ಚರಿತ್ರೆಯನ್ನು ಓದಿದೆವು. ಅವರ ಜನರಲ್ಲಿ ಸಾವಿರಾರು ಮಂದಿ ಹೋಗಿ ಸೇರಿದ್ದೂ ಕಾಫಿ ತೋಟಗಳನ್ನೇ ಎಂಬುದು ಈ ಬೆಟ್ಟಗಳಲ್ಲಿ ಬಾಳುವ ನಮಗೆ ಕುತೂಹಲದ ಸಂಗತಿ.

ಅವರ ಹೆಸರು ಜಾನ್ ಬ್ಯಾಪ್ಟಿಸ್ಟ್ ಸ್ಕಲಬ್ರೀನಿ. 1839ರಲ್ಲಿ ಕೋಮೊ ಪಟ್ಟಣದ ಸಮೀಪದ ಫೀನೊ ಮೊರ್ನಾಸ್ಕೊ ಎಂಬ ಊರಿನಲ್ಲಿ ಜನಿಸಿದ ಇವರು ಗುರುಮಠದ ಅಧ್ಯಾಪಕರಾಗಿ, ಬಳಿಕ ವಿಚಾರಣಾ ಗುರುಗಳಾಗಿ ದುಡಿದು, 1876ರಲ್ಲಿ, ಇನ್ನೂ ಮೂವತ್ತಾರರ ಪ್ರಾಯದಲ್ಲಿ, ಪಿಯಾಚೆಂಜಾದ ಧರ್ಮಾಧ್ಯಕ್ಷರಾದರು. ಆ ಧರ್ಮಪ್ರಾಂತ್ಯದಲ್ಲಿದ್ದ ಧರ್ಮಕೇಂದ್ರಗಳು 365. ಅನೇಕ ಊರುಗಳಿಗೆ ಹೇಸರಗತ್ತೆಯ ಬೆನ್ನಮೇಲೆ ಅಥವಾ ಕಾಲ್ನಡಿಗೆಯಲ್ಲಿಯೇ ಹೋಗಬೇಕಾಗಿತ್ತು. ಅವೆಲ್ಲವನ್ನೂ ಅವರು ತಮ್ಮ ಜೀವಿತಕಾಲದಲ್ಲಿ ಐದು ಬಾರಿ ಸಂದರ್ಶಿಸಿದರು. ಬರಗಾಲದ ಒಂದು ಚಳಿಗಾಲದಲ್ಲಿ ಹಸಿದವರಿಗೆ ಊಟ ಹಾಕುವುದಕ್ಕಾಗಿ ತಮ್ಮ ಕುದುರೆಗಳನ್ನೂ, ಜಗದ್ಗುರುಗಳು ಕಾಣಿಕೆಯಾಗಿತ್ತ ಪಾನಪಾತ್ರೆಯನ್ನೂ ಎದೆಯ ಶಿಲುಬೆಯನ್ನೂ ಮಾರಿದವರು ಇವರು. ಗದ್ದೆಗಳಲ್ಲಿ ಕಳೆ ಕೀಳಲು ಋತುವಿಗೊಮ್ಮೆ ಗುಂಪುಗುಂಪಾಗಿ ದೂರದೂರದಿಂದ ಬರುತ್ತಿದ್ದ ಹೆಣ್ಣಾಳುಗಳ ಯೋಗಕ್ಷೇಮವನ್ನೂ ವಿಚಾರಿಸಿಕೊಂಡವರು.

ಮೊದಲನೆಯ ಸಂದರ್ಶನದಲ್ಲಿಯೇ ಅವರಿಗೆ ತಿಳಿದುಬಂದ ಒಂದು ಲೆಕ್ಕ ಅವರ ನಿದ್ರೆಗೆಡಿಸಿತು. ತಮ್ಮ ಜನರಲ್ಲಿ ಸುಮಾರು 28,000 ಮಂದಿ ಊರಿನಲ್ಲಿ ಇರಲಿಲ್ಲ. ಹೊಟ್ಟೆಪಾಡಿಗಾಗಿ ಹೊರಟುಹೋಗಿದ್ದರು. ಹೋಗಬೇಡಿರೆಂದು ಹೇಳಹೋದ ಈ ಧರ್ಮಾಧ್ಯಕ್ಷರಿಗೆ ರೈತರು ಕೊಟ್ಟ ಉತ್ತರವೇನೆಂದರೆ, ತಮ್ಮ ಮುಂದಿರುವುದು ಎರಡೇ ದಾರಿ, ಒಂದು ಕಳ್ಳತನ, ಇನ್ನೊಂದು ವಲಸೆ ಎಂಬುದಾಗಿತ್ತು. ಇದಕ್ಕೆ ಮರುಮಾತು ಹೇಳಲು ತಮ್ಮಲ್ಲಿ ಏನೂ ಇರಲಿಲ್ಲವೆಂದು ಅವರು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ. 1887ರಲ್ಲಿ ಪ್ರಕಟಿಸಿದ ಒಂದು ಕಿರುಹೊತ್ತಗೆಯಲ್ಲಿ ಅವರು ಮಿಲಾನ್ ನಗರದ ರೈಲು ನಿಲ್ದಾಣದಲ್ಲಿ ತಾವು ಕಂಡ ನೋಟವನ್ನು ವರ್ಣಿಸಿದ್ದಾರೆ. ವಿಶಾಲವಾದ ಪಡಸಾಲೆಯಲ್ಲಿಯೂ ಹೊರಗಿನ ಚೌಕದಲ್ಲಿಯೂ ಮುನ್ನೂರು ನಾನ್ನೂರು ಮಂದಿ ಬಡವರು ಗುಂಪುಗುಂಪಾಗಿ ಕಾದು ಕುಳಿತಿದ್ದರು. ಬಿಸಿಲಿಗೆ ಕಂದಿದ ಮುಖದ ಮುದುಕರು, ಗಟ್ಟಿಮುಟ್ಟಾದ ಯುವಕರು, ಕೈಕೂಸುಗಳನ್ನೆತ್ತಿಕೊಂಡ ತಾಯಂದಿರು, ಎಲ್ಲರಿಗೂ ಒಂದೇ ಚಿಂತೆ, ಒಂದೇ ಗುರಿ. ಅವರು ಹಡಗು ಹತ್ತಲು ಹೊರಟವರು. ರೈಲು ಹೊರಟುಹೋದ ಮೇಲೆ ಸ್ಕಲಬ್ರೀನಿಯವರು ಕಣ್ಣೀರು ತುಂಬಿದವರಾಗಿ ಮನೆಗೆ ಬಂದರು. ನಾವೂ ಬೆಂಗಳೂರಿನ ನಿಲ್ದಾಣದಲ್ಲಿ ಇಂತಹ ನೋಟವನ್ನು ಎಷ್ಟೋ ಬಾರಿ ಕಂಡಿದ್ದೇವೆ, ಕಂಡು ನಮ್ಮ ಗಾಡಿಯ ವೇಳೆಯನ್ನು ವಿಚಾರಿಸಿಕೊಂಡು ಮುಂದೆ ಹೋಗಿದ್ದೇವೆ.

ಅದೇ ವರ್ಷದ ನವೆಂಬರ್ 28ರಂದು ಅವರು ವಲಸೆಗಾರರ ಸೇವೆಗೆಂದೇ ಗುರುಗಳ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಮರುವರ್ಷದ ಜುಲೈ ತಿಂಗಳಿನಲ್ಲಿ ಮೊದಲ ತಂಡ ಅಮೆರಿಕ ಖಂಡಗಳಿಗೆ ಹೊರಟಿತು. ಸಂತ ಚಾರ್ಲ್ಸ್ ಬೊರೊಮೆಯೊ ಅವರ ಹೆಸರಿನ ಈ ಸಂಸ್ಥೆಯವರನ್ನು ಇಂದು ಸ್ಕಲಬ್ರೀನಿ ಗುರುಗಳೆಂದು ಕರೆಯುವುದು ವಾಡಿಕೆ. ಇಂತಹ ಕೆಲಸಕ್ಕೆ ಕೈಹಾಕಿದವರಲ್ಲಿ ಇವರೇ ಮೊದಲಿಗರಲ್ಲ. ಪೀಟರ್ ಪಾಲ್ ಕಾಹೆನ್ಸ್ಲಿ ಎಂಬ ಜರ್ಮನ್ ವ್ಯಾಪಾರಿ 1871ರಲ್ಲಿಯೇ ಸಂತ ರಫಾಯೇಲರ ಹೆಸರಿನಲ್ಲಿ ಒಂದು ಸಂಘವನ್ನು ಕಟ್ಟಿದ್ದರು. ಹಡಗಿನ ಅಡಿತಳದಲ್ಲಿ ಬಡವರು ಪಡುವ ಪಾಡನ್ನು ತಿಳಿಯಲೆಂದು 1883ರಲ್ಲಿ ತಾವೇ ಆ ತಳದಲ್ಲಿ ಕುಳಿತು ಸಾಗರ ದಾಟಿದ ಪುಣ್ಯಾತ್ಮರು ಅವರು. ಅವರು ಗುರುವಲ್ಲ, ಸಂನ್ಯಾಸಿಯಲ್ಲ, ಗೃಹಸ್ಥರು. ಇಂತಹ ಕೆಲಸಗಳೆಲ್ಲ ಗುರುನಿವಾಸದವರಿಗೆ ಸೇರಿದ್ದೆಂದು ಭಾವಿಸುವ ನಮ್ಮ ಭಕ್ತಾದಿಗಳಿಗೆ ಈ ವಿಷಯ ತಿಳಿದಿರಲಿ.

ಜನರು ಹೋಗುತ್ತಿದ್ದುದು ಎಲ್ಲಿಗೆ? ಬಹುಮಂದಿ ಬ್ರೆಜಿಲ್ ದೇಶಕ್ಕೆ. 1888ರ ಮೇ 13ರಂದು ಆ ದೇಶದಲ್ಲಿ ಗುಲಾಮಗಿರಿ ರದ್ದಾಯಿತು. ಅದಕ್ಕೆ ಮುಂಚಿನಿಂದಲೇ ಸಾವ್ ಪಾವ್ಲೊ ಪ್ರಾಂತ್ಯದ ಕಾಫಿ ತೋಟಗಳ ಒಡೆಯರು ಗುಲಾಮರ ಬದಲಿಗೆ ದುಡಿಯುವ ಕೈಗಳನ್ನು ಯೂರೋಪಿನಲ್ಲಿ ಹುಡುಕತೊಡಗಿದ್ದರು. ಹಡಗಿನ ಖರ್ಚನ್ನು ಅಲ್ಲಿನ ಸರ್ಕಾರವೇ ಕೊಡುತ್ತಿತ್ತು. ತಲೆಗಿಷ್ಟೆಂದು ದಲ್ಲಾಳಿಗಳಿಗೆ ಕಮಿಷನ್ ಸಲ್ಲುತ್ತಿತ್ತು. ದಲ್ಲಾಳಿಗಳು ಹಳ್ಳಿಹಳ್ಳಿಗೆ ನುಗ್ಗಿ, ಅಲ್ಲಿ ಭೂಮಿ ದೊರೆಯುವುದು, ಮನೆ ದೊರೆಯುವುದು ಎಂದು ಹೇಳಿ, ಇದ್ದ ಒಂದು ಹಸುವನ್ನೂ ಮಾರಿಸಿ ಜನರನ್ನು ಬಂದರಿಗೆ ಸಾಗಿಸುತ್ತಿದ್ದರು. ಅಲ್ಲಿ ಸಿಕ್ಕಿದ್ದು ಗುಲಾಮರು ತೆರವು ಮಾಡಿದ ಸಾಲುಮನೆ ಮತ್ತು ಒಡೆಯನ ಅಂಗಡಿಯ ಸಾಲ. ಕಾಯಿಲೆ ಬಿದ್ದರೆ ವೈದ್ಯನಿಲ್ಲ, ಮಕ್ಕಳಿಗೆ ಶಾಲೆಯಿಲ್ಲ, ಸಾಯುವಾಗ ಪಾಪನಿವೇದನೆ ಕೇಳಲು ಗುರುವಿಲ್ಲ. ಇಲ್ಲಿ ನಾವು ಮೃಗಗಳಂತೆ ಬದುಕಿ ಮೃಗಗಳಂತೆ ಸಾಯುತ್ತಿದ್ದೇವೆ ಎಂಬ ಅರ್ಥದ ಒಂದು ಕಾಗದ ದಕ್ಷಿಣ ಅಮೆರಿಕದಿಂದ ಬಂದುದನ್ನು ಸ್ಕಲಬ್ರೀನಿಯವರು ತಮ್ಮ ಬರಹದಲ್ಲಿ ನೆನೆದಿದ್ದಾರೆ. ಮೇಸ್ತ್ರಿಯ ಮುಂಗಡ, ಲೈನು ಮನೆ, ತೋಟದ ಅಂಗಡಿಯ ಪುಸ್ತಕ ಇವುಗಳನ್ನು ಬಲ್ಲ ನಮ್ಮ ವೃದ್ಧರಿಗೆ ಈ ವೃತ್ತಾಂತವನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ.

ಇಲ್ಲಿ ಆ ಧರ್ಮಾಧ್ಯಕ್ಷರ ದೊಡ್ಡತನವನ್ನು ಗಮನಿಸಬೇಕು. ಗುರುಗಳನ್ನು ಕಳುಹಿಸಿ, ಕಾಣಿಕೆ ಎತ್ತಿ, ಅಷ್ಟಕ್ಕೆ ತೃಪ್ತರಾಗಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಮನುಷ್ಯನಿಗೆ ಊರು ಬಿಟ್ಟು ಹೋಗುವ ಸ್ವಾತಂತ್ರ್ಯವಿದೆ, ಆದರೆ ಲಾಭಕ್ಕಾಗಿ ಅವನನ್ನು ಊರು ಬಿಡಿಸುವ ಸ್ವಾತಂತ್ರ್ಯ ಯಾರಿಗೂ ಇಲ್ಲ ಎಂಬುದು ಅವರ ವಾದವಾಗಿತ್ತು. 1888ರ ಕೊನೆಯಲ್ಲಿ ಇಟಲಿಯ ಸಂಸತ್ತು ವಲಸೆಯ ಬಗ್ಗೆ ಒಂದು ಕಾಯಿದೆಯನ್ನು ಮಾಡಿತು. ಅದು ದಲ್ಲಾಳಿಗಳ ವೃತ್ತಿಗೆ ಪರವಾನಗಿ ಕೊಟ್ಟು ಮಾನ್ಯಮಾಡಿತು. ಮಸೂದೆ ಚರ್ಚೆಯಲ್ಲಿದ್ದಾಗಲೇ ಸ್ಕಲಬ್ರೀನಿಯವರು ಬಹಿರಂಗ ಪತ್ರ ಬರೆದು ಅದನ್ನು ಖಂಡಿಸಿದರು. ಆ ಕಾಲದಲ್ಲಿ ಇಟಲಿಯ ಸರ್ಕಾರಕ್ಕೂ ಜಗದ್ಗುರು ಪೀಠಕ್ಕೂ ಮಾತುಕತೆಯೇ ಇರಲಿಲ್ಲ. ರೋಮ್ ನಗರವನ್ನು ಕಿತ್ತುಕೊಂಡ ಸರ್ಕಾರದೊಡನೆ ಧರ್ಮಾಧ್ಯಕ್ಷರೊಬ್ಬರು ಕಾಯಿದೆಯ ವಿಚಾರ ಮಾತನಾಡುವುದೇ ಹಲವರಿಗೆ ಸರಿಬರಲಿಲ್ಲ. ಅದನ್ನು ಲೆಕ್ಕಿಸದೆ ಅವರು ಜಿನೋವಾ, ರೋಮ್, ಫ್ಲಾರೆನ್ಸ್, ಟ್ಯೂರಿನ್, ಮಿಲಾನ್, ಲೂಕಾ ಮುಂತಾದ ನಗರಗಳಲ್ಲಿ ಬಹಿರಂಗ ಉಪನ್ಯಾಸಗಳನ್ನು ಮಾಡಿದರು.

ಲೂಕಾದಲ್ಲಿ ಅವರ ಮಾತನ್ನು ಕೇಳಿದವರಲ್ಲಿ ಜೋಸೆಫ್ ಮಾರ್ಕೆತ್ತಿ ಎಂಬ ಯುವ ಗುರುಗಳೊಬ್ಬರಿದ್ದರು. ಅವರ ಧರ್ಮಕೇಂದ್ರದ ಜನ ಊರಿಗೆ ಊರೇ ಎಂಬಂತೆ ಬ್ರೆಜಿಲಿಗೆ ಹೊರಡುತ್ತಿತ್ತು. ಅವರನ್ನು ಬಂದರಿನವರೆಗೆ ಕಳುಹಿಸಿಕೊಡಲು ಹೋದ ಈ ಯುವಗುರು ಕಡೆಗೆ 1894ರಲ್ಲಿ ತಾವೇ ಹಡಗು ಹತ್ತಿದರು. ಎರಡನೆಯ ಯಾನದಲ್ಲಿ ನಡೆದ ಘಟನೆಯನ್ನು ನಾವು ಓದಿದಂದಿನಿಂದ ಮರೆತಿಲ್ಲ. ಹಡಗಿನಲ್ಲಿ ಒಬ್ಬ ತರುಣಿ ತಾಯಿ ಎದೆಹಾಲಿನ ಕೂಸನ್ನು ಬಿಟ್ಟು ತೀರಿಕೊಂಡಳು. ಶವವನ್ನು ಸಮುದ್ರಕ್ಕೆ ಒಪ್ಪಿಸಿದ್ದಾಯಿತು. ಗಂಡ ಹುಚ್ಚನಂತಾಗಿ ತಾನೂ ನೀರಿಗೆ ಹಾರುತ್ತೇನೆಂದು ಹೊರಟ. ಅವನನ್ನು ತಡೆದ ಗುರುಗಳು, ಮಗುವಿನ ಹೊಣೆ ತಮ್ಮದೆಂದು ಮಾತುಕೊಟ್ಟರು. ರಿಯೊ ಬಂದರಿನಲ್ಲಿ ಇಳಿದಾಗ ಕೈಯಲ್ಲಿ ಶಿಲುಬೆಯ ಜೊತೆಗೆ ಒಂದು ಕೂಸು. ಪರದೇಶದಲ್ಲಿ ಅದನ್ನೆತ್ತಿಕೊಂಡು ಅಲೆದು, ಕಾಡಿಬೇಡಿ ಅದಕ್ಕೊಂದು ಆಶ್ರಯವನ್ನು ಒದಗಿಸಿದರು. ಮುಂದೆ ಸಾವ್ ಪಾವ್ಲೊ ನಗರದ ಇಪಿರಾಂಗ ಬೆಟ್ಟದ ಮೇಲೆ ಅವರು ಕಟ್ಟಿದ ಅನಾಥಾಲಯ ಆ ಒಂದು ಮಾತಿನಿಂದ ಹುಟ್ಟಿದ್ದು. ಮಕ್ಕಳನ್ನು ನೋಡಿಕೊಳ್ಳಲು ಯಾರೂ ಇಲ್ಲದಿದ್ದಾಗ ಊರಿಗೆ ಹೋಗಿ ತಮ್ಮ ತಾಯಿಯನ್ನೂ ತಂಗಿ ಅಸುಂತಾಳನ್ನೂ ಕರೆತಂದರು. 1895ರ ಅಕ್ಟೋಬರ್ 25ರಂದು ಸ್ಕಲಬ್ರೀನಿಯವರ ಮುಂದೆ ವ್ರತ ತೊಟ್ಟ ಆ ಕೆಲವೇ ಸ್ತ್ರೀಯರಿಂದ ಸ್ಕಲಬ್ರೀನಿ ಕನ್ಯಾಸ್ತ್ರೀಯರ ಸಭೆ ಆರಂಭವಾಯಿತು. ಮಾರ್ಕೆತ್ತಿಯವರು ತೋಟದಿಂದ ತೋಟಕ್ಕೆ ಅಲೆದು ಅನಾಥರನ್ನು ಹುಡುಕಿ ತರುತ್ತಾ, 1896ರ ಡಿಸೆಂಬರ್‌ನಲ್ಲಿ ವಿಷಮಜ್ವರಕ್ಕೆ ತುತ್ತಾಗಿ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಮಡಿದರು. ಅಸುಂತಾ ಮಾತೆ ಬಹುಕಾಲ ಬಾಳಿದರು. 2014ರಲ್ಲಿ ಅವರನ್ನು ಧನ್ಯರೆಂದು ಸಾರಲಾಯಿತು.

ಇತ್ತ ಜಿನೋವಾ ಬಂದರಿನಲ್ಲಿ ಪೀಟರ್ ಮಾಲ್ದೊತ್ತಿ ಎಂಬ ಇನ್ನೊಬ್ಬ ಗುರುಗಳು 1894ರಿಂದ ದಲ್ಲಾಳಿಗಳೊಡನೆ ಹೋರಾಡುತ್ತಿದ್ದರು. ಹಡಗು ಬರುವುದಕ್ಕೆ ಹಲವು ದಿನ ಮುಂಚೆಯೇ ಜನರನ್ನು ಬಂದರಿಗೆ ಕರೆಸಿ, ಹೊಲಸು ವಸತಿಗೃಹಗಳಲ್ಲಿ ಕೂಡಿಹಾಕಿ, ಇದ್ದಬದ್ದ ಹಣವನ್ನು ಸುಲಿಯುವುದು ಅಲ್ಲಿನ ವ್ಯಾಪಾರವಾಗಿತ್ತು. ಮಾಲ್ದೊತ್ತಿಯವರು ಪ್ರಯಾಣದ ಚೀಟಿಗಳನ್ನು ಓದಿ ಹೇಳಿದರು, ಮೋಸವನ್ನು ಪೊಲೀಸರಿಗೆ ತೋರಿಸಿಕೊಟ್ಟರು, ಬೈಗುಳವನ್ನೂ ಬೆದರಿಕೆಯನ್ನೂ ಸಹಿಸಿದರು, ಕಂಡದ್ದೆಲ್ಲವನ್ನೂ ಬರೆದು ವರದಿಮಾಡಿದರು. ಇಂತಹ ಸಾಕ್ಷ್ಯಗಳು ವ್ಯರ್ಥವಾಗಲಿಲ್ಲ. 1901ರ ಜನವರಿ 31ರಂದು ಹೊಸ ಕಾಯಿದೆ ಬಂದಿತು. ದಲ್ಲಾಳಿಗಳ ಪದ್ಧತಿಯನ್ನು ತೆಗೆದುಹಾಕಿ, ಪ್ರಯಾಣಿಕರ ಹೊಣೆಯನ್ನು ಪರವಾನಗಿ ಪಡೆದ ಹಡಗು ಕಂಪನಿಗಳ ಮೇಲೆ ಹೊರಿಸಿ, ಹಡಗುಗಳಲ್ಲಿ ಸರ್ಕಾರಿ ವೈದ್ಯರನ್ನಿರಿಸಿ, ವಲಸೆಗಾರರ ರಕ್ಷಣೆಗೆಂದೇ ಒಂದು ಇಲಾಖೆಯನ್ನು ನೇಮಿಸಲಾಯಿತು. ಮರುವರ್ಷ, ಬ್ರೆಜಿಲಿನ ತೋಟಗಳಿಗೆ ಪುಕ್ಕಟೆ ಟಿಕೆಟ್ಟಿನಲ್ಲಿ ಜನರನ್ನು ಸಾಗಿಸುವುದನ್ನೂ ಸರ್ಕಾರ ನಿಷೇಧಿಸಿತು. ಇದೆಲ್ಲ ಸ್ಕಲಬ್ರೀನಿಯವರೊಬ್ಬರಿಂದ ಆಯಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಅವರ ಹದಿಮೂರು ವರ್ಷಗಳ ಕೂಗಿಲ್ಲದೆ ಆಯಿತೆಂದು ಹೇಳುವುದೂ ಸತ್ಯವಾಗದು.

ಉತ್ತರ ಅಮೆರಿಕದಲ್ಲಿ ಕಷ್ಟ ಬೇರೆ ಬಗೆಯದು. ಅಲ್ಲಿ ದೇವಾಲಯಗಳಿದ್ದುವು, ಗುರುಗಳೂ ಇದ್ದರು. ಆದರೆ ಅವರಲ್ಲಿ ಬಹುಮಂದಿ ಐರಿಷ್ ಮೂಲದವರು. ಅವರೂ ಒಂದು ತಲೆಮಾರಿನ ಹಿಂದೆ ಹಸಿವಿನಿಂದ ಊರು ಬಿಟ್ಟು ಬಂದವರೇ, ಆದರೂ ಹೊಸದಾಗಿ ಬಂದ ಇಟಲಿಯವರನ್ನು ಕಂಡರೆ ಅವರಿಗೆ ಸಂಕೋಚ. ವಂತಿಗೆ ಕೊಡುವುದಿಲ್ಲ, ಧರ್ಮೋಪದೇಶ ಗೊತ್ತಿಲ್ಲ, ಬಟ್ಟೆ ಕೊಳಕು, ಭಾಷೆ ತಿಳಿಯದು ಎಂಬ ದೂರು. ನ್ಯೂಯಾರ್ಕಿನ ಕೆಲವು ಧರ್ಮಕೇಂದ್ರಗಳಲ್ಲಿ ಮೇಲಿನ ದೇವಾಲಯದಲ್ಲಿ ಒಂದು ಬಲಿಪೂಜೆ ನಡೆಯುತ್ತಿದ್ದರೆ, ಇಟಲಿಯವರಿಗೆ ನೆಲಮಾಳಿಗೆಯಲ್ಲಿ ಇನ್ನೊಂದು ಬಲಿಪೂಜೆ ನಡೆಯುತ್ತಿತ್ತು. ಒಂದೇ ಕ್ರಿಸ್ತನ ಒಂದೇ ಬಲಿ, ಒಂದೇ ಛಾವಣಿಯ ಕೆಳಗೆ, ಮೇಲೊಂದು ಕೆಳಗೊಂದು! ಜಗದ್ಗುರು ಹದಿಮೂರನೆಯ ಲಿಯೋ ಅವರು 1888ರ ಡಿಸೆಂಬರ್‌ನಲ್ಲಿ ಅಮೆರಿಕದ ಧರ್ಮಾಧ್ಯಕ್ಷರುಗಳಿಗೆ ಪತ್ರ ಬರೆದು ಈ ಜನರ ಹೊಣೆಯನ್ನು ನೆನಪಿಸಬೇಕಾಯಿತು.

ಅಂತಹ ನಗರಕ್ಕೆ 1889ರ ಮಾರ್ಚ್ 31ರಂದು ಆರು ಮಂದಿ ಸೋದರಿಯರೊಡನೆ ಬಂದಿಳಿದವರು ಮಾತೆ ಫ್ರಾನ್ಸೆಸ್ ಝೇವಿಯರ್ ಕಬ್ರೀನಿ. ಬಾಲ್ಯದಲ್ಲಿ ಕಾಗದದ ದೋಣಿಗಳಲ್ಲಿ ಹೂಗಳನ್ನಿಟ್ಟು ಇವರು ನನ್ನ ಧರ್ಮಪ್ರಚಾರಕರೆಂದು ತೇಲಿಬಿಡುತ್ತಿದ್ದ ಹುಡುಗಿ, ಒಮ್ಮೆ ನೀರಿಗೆ ಬಿದ್ದು ಜೀವಮಾನವಿಡೀ ನೀರಿಗೆ ಹೆದರಿದವರು. ಸಂತ ಫ್ರಾನ್ಸಿಸ್ ಝೇವಿಯರರ ಹೆಸರನ್ನು ಇಟ್ಟುಕೊಂಡು ಅವರಂತೆಯೇ ಚೀನಾ ದೇಶಕ್ಕೆ ಹೋಗಬೇಕೆಂದು ಹಂಬಲಿಸಿದವರು. ಸ್ಕಲಬ್ರೀನಿಯವರು ನ್ಯೂಯಾರ್ಕಿಗೆ ಕರೆದರೂ ಮನಸ್ಸು ಒಪ್ಪಲಿಲ್ಲ. ಪೂರ್ವಕ್ಕಲ್ಲ, ಪಶ್ಚಿಮಕ್ಕೆ ಹೋಗೆಂದು ಜಗದ್ಗುರುಗಳೇ ಹೇಳಿದ ಮೇಲೆ ಹೊರಟರು. ಬಂದಿಳಿದರೆ ಇಳಿದುಕೊಳ್ಳಲು ಮನೆಯಿಲ್ಲ. ಮೊದಲ ರಾತ್ರಿ ತಿಗಣೆಗಳಿಂದ ತುಂಬಿದ ಹೊಲಸು ಕೋಣೆಯಲ್ಲಿ ಪ್ರಾರ್ಥನೆ ಮಾಡುತ್ತಾ ಬೆಳಗು ಮಾಡಿದರು. ಏರ್ಪಾಡುಗಳು ಮುರಿದುಬಿದ್ದಿವೆ, ಬಂದ ಹಡಗಿನಲ್ಲಿಯೇ ಹಿಂದಿರುಗುವುದು ಲೇಸೆಂದು ಅಲ್ಲಿನ ಮಹಾಧರ್ಮಾಧ್ಯಕ್ಷರು ಹೇಳಿದರು. ಜಗದ್ಗುರುಗಳು ಕಳುಹಿಸಿದ್ದಾರೆ, ಇಲ್ಲಿಯೇ ಇರುತ್ತೇವೆ ಎಂದು ಮಾತೆ ವಿನಯದಿಂದ ಉತ್ತರಿಸಿದರು. ನೀರಿಗೆ ಹೆದರುತ್ತಿದ್ದ ಆಕೆ ಇಪ್ಪತ್ತಕ್ಕೂ ಹೆಚ್ಚು ಬಾರಿ ಸಾಗರ ದಾಟಿ, ಶಾಲೆ, ಆಸ್ಪತ್ರೆ, ಅನಾಥಾಲಯಗಳೆಂದು 67 ಸಂಸ್ಥೆಗಳನ್ನು ಸ್ಥಾಪಿಸಿದರು. 1891ರಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ಉದ್ರಿಕ್ತ ಗುಂಪೊಂದು ಸೆರೆಮನೆಗೆ ನುಗ್ಗಿ 11 ಮಂದಿ ಇಟಲಿಯವರನ್ನು ಕೊಂದಿತು. ಮರುವರ್ಷವೇ ಅವರ ಕನ್ಯಾಸ್ತ್ರೀಯರು ಆ ನಗರದ ಇಟಲಿಯವರ ಕೇರಿಗೆ ಹೋಗಿ ನೆಲಸಿದರು. 1917ರ ಡಿಸೆಂಬರ್ 22ರಂದು ಚಿಕಾಗೊ ನಗರದಲ್ಲಿ, ಬಡ ಮಕ್ಕಳಿಗೆ ಕ್ರಿಸ್ತಜಯಂತಿಯ ಮಿಠಾಯಿಗಳನ್ನು ಸಿದ್ಧಪಡಿಸುತ್ತಿದ್ದ ಸಮಯದಲ್ಲಿ, ದೇವರ ಪಾದ ಸೇರಿದರು. 1946ರಲ್ಲಿ ಸಂತರ ಸಾಲಿಗೆ ಸೇರಿಸಲ್ಪಟ್ಟ ಇವರನ್ನು 1950ರಲ್ಲಿ ವಲಸೆಗಾರರ ಪಾಲಕಿಯೆಂದು ಘೋಷಿಸಲಾಯಿತು.

ಸ್ಕಲಬ್ರೀನಿಯವರು 1901ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳನ್ನೂ 1904ರಲ್ಲಿ ಬ್ರೆಜಿಲನ್ನೂ ಸ್ವತಃ ಸಂದರ್ಶಿಸಿ ಕಾಫಿ ತೋಟಗಳ ಜನರನ್ನು ಕಂಡುಬಂದರು. ದೇಹ ಸೋತಿತ್ತು. 1905ರ ಮೇ ತಿಂಗಳಿನಲ್ಲಿ, ಇಟಲಿಯವರಿಗೆ ಮಾತ್ರವಲ್ಲ, ಯಾವ ದೇಶದವರೇ ಆಗಲಿ ಊರು ಬಿಟ್ಟ ಎಲ್ಲ ಕಥೋಲಿಕರಿಗಾಗಿ ರೋಮ್‌ನಲ್ಲಿ ಒಂದು ಕೇಂದ್ರ ಕಚೇರಿ ಬೇಕೆಂದು ಹತ್ತನೆಯ ಪಯಸ್ ಅವರಿಗೆ ಬಿನ್ನವಿಸಿಕೊಂಡರು. ಜೂನ್ 1ರಂದು, ಸ್ವರ್ಗಾರೋಹಣದ ಹಬ್ಬದ ದಿನ, ತೀರಿಕೊಂಡರು. 1912ರಲ್ಲಿ ಅಂತಹ ಕಚೇರಿ ಆರಂಭವಾಯಿತು. 1952ರಲ್ಲಿ ಹನ್ನೆರಡನೆಯ ಪಯಸ್ ಅವರು, ಐಗುಪ್ತಕ್ಕೆ ಓಡಿಹೋದ ಪವಿತ್ರ ಕುಟುಂಬವೇ ಎಲ್ಲ ನಿರಾಶ್ರಿತ ಕುಟುಂಬಗಳಿಗೂ ಮಾದರಿಯೆಂದು ಬೋಧಿಸಿ, ವಲಸೆಗಾರರಿಗೆ ಅವರ ಭಾಷೆಯ ಗುರುಗಳು ದೊರೆಯುವಂತೆ ವಿಧಿಗಳನ್ನು ಮಾಡಿದರು. ಸ್ಕಲಬ್ರೀನಿಯವರನ್ನು 2022ರ ಅಕ್ಟೋಬರ್ 9ರಂದು ಸಂತರೆಂದು ಸಾರಿದವರು ಜಗದ್ಗುರು ಫ್ರಾನ್ಸಿಸ್. ಅವರ ತಂದೆಯೇ 1929ರಲ್ಲಿ ಇಟಲಿಯಿಂದ ಅರ್ಜೆಂಟೀನಕ್ಕೆ ಹಡಗಿನಲ್ಲಿ ಬಂದ ವಲಸೆಗಾರರು.

ನಿರಾಶ್ರಿತರ ವಿಚಾರದಲ್ಲಿ ಯೇಸುಸಭೆಯ ಮಹಾಧಿಕಾರಿ ಪೇದ್ರೊ ಅರ್ರೂಪೆ ಅವರನ್ನು ನೆನೆಯದಿದ್ದರೆ ಈ ಬರಹ ಅಪೂರ್ಣವಾಗುತ್ತದೆ. 1979ರ ಕ್ರಿಸ್ತಜಯಂತಿಯ ದಿನಗಳಲ್ಲಿ ವಿಯೆಟ್ನಾಮಿನಿಂದ ದೋಣಿಗಳಲ್ಲಿ ಹೊರಟು ಸಮುದ್ರದಲ್ಲಿ ಮುಳುಗುತ್ತಿದ್ದವರ ಸುದ್ದಿ ಕೇಳಿ ಅವರು ನಾನಾ ದೇಶಗಳ ಪ್ರಾಂತಾಧಿಪತಿಗಳಿಗೆ ತಂತಿ ಕಳುಹಿಸಿ, ಏನು ಮಾಡಬಲ್ಲಿರೆಂದು ಕೇಳಿದರು. 1980ರ ನವೆಂಬರ್ 14ರಂದು ಯೇಸುಸಭೆಯ ನಿರಾಶ್ರಿತರ ಸೇವೆ ಆರಂಭವಾಯಿತು. ಶ್ರೀಲಂಕೆಯಿಂದ ಓಡಿಬಂದು ತಮಿಳುನಾಡಿನ ಶಿಬಿರಗಳಲ್ಲಿ ಬಾಳುವ ತಮಿಳು ಕುಟುಂಬಗಳ ಮಕ್ಕಳಿಗೆ 1990ರಿಂದ ಪಾಠ ಹೇಳಿಸಿದವರೂ ಇವರೇ.

ಇನ್ನು ನಮ್ಮ ಬಾಗಿಲಿಗೆ ಬರೋಣ. ಈಗ ನಮ್ಮ ಸುತ್ತಲಿನ ತೋಟಗಳ ಲೈನು ಮನೆಗಳಲ್ಲಿರುವವರು ಯಾರು? ನಮ್ಮ ಮಕ್ಕಳು ಓದಿ ಬೆಂಗಳೂರು, ಮುಂಬಯಿ, ಕುವೈತ್, ದುಬೈ ಸೇರಿದ್ದಾರೆ. ಅಲ್ಲಿಯ ಮರುಭೂಮಿಯಲ್ಲಿಯೂ ಅವರಿಗೆ ಕೊಂಕಣಿ, ತಮಿಳು, ಮಲಯಾಳಂ ಭಾಷೆಗಳಲ್ಲಿ ಬಲಿಪೂಜೆ ದೊರೆಯುತ್ತದೆಂದು ಕಾಗದ ಬರೆದು ಸಂತೋಷಪಡುತ್ತಾರೆ. ಅವರು ಬಿಟ್ಟ ಲೈನು ಮನೆಗಳಿಗೆ ಅಸ್ಸಾಮಿನವರು, ಒಡಿಶಾದವರು, ಜಾರ್ಖಂಡದವರು ಬಂದಿದ್ದಾರೆ. ಜಾರ್ಖಂಡದಿಂದ ಬಂದವರಲ್ಲಿ ಎಷ್ಟೋ ಮಂದಿ ಕಥೋಲಿಕರು, ಒರಾಂವ್, ಮುಂಡಾ, ಖಾಡಿಯಾ ಜನಾಂಗದವರು. ಭಾನುವಾರ ಕೊನೆಯ ಪೀಠದಲ್ಲಿ, ಪೀಠ ಸಾಲದಿದ್ದರೆ ಬಾಗಿಲ ಬಳಿಯಲ್ಲಿ, ಮಾತಿಲ್ಲದೆ ನಿಲ್ಲುವವರು ಇವರೇ.

ಇವರ ವಿಶ್ವಾಸದ ಮೂಲವನ್ನು ನಮ್ಮಲ್ಲಿ ಬಲ್ಲವರು ಕಡಮೆ. 1885ರಲ್ಲಿ ಛೋಟಾ ನಾಗಪುರಕ್ಕೆ ಬಂದ ಬೆಲ್ಜಿಯಮಿನ ಯೇಸುಸಭೆಯ ಗುರು ಕಾನ್‌ಸ್ಟಂಟ್ ಲೀವೆನ್ಸ್ ಅವರು, ಜಮೀನ್ದಾರರು ಆದಿವಾಸಿಗಳಿಂದ ಅಕ್ರಮ ಗೇಣಿಯನ್ನೂ ಬಿಟ್ಟಿ ದುಡಿಮೆಯನ್ನೂ ವಸೂಲು ಮಾಡುವುದನ್ನು ಕಂಡು, ಗೇಣಿಯ ಕಾನೂನನ್ನು ತಾವೇ ಓದಿ ಕಲಿತು, ನ್ಯಾಯಾಲಯಗಳಲ್ಲಿ ಅವರ ಬೆಂಬಲಕ್ಕೆ ನಿಂತರು. ಸಾವಿರಾರು ಮಂದಿ ಅವರನ್ನು ಹಿಂಬಾಲಿಸಿ ಜ್ಞಾನಸ್ನಾನ ಪಡೆದರು. ಏಳೇ ವರ್ಷಗಳಲ್ಲಿ ಕ್ಷಯರೋಗ ಅವರನ್ನು ಉರುಳಿಸಿತು. 1893ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ, ಸ್ವದೇಶದಲ್ಲಿ ಮಡಿದರು. ಅವರ ದಾರಿಯಲ್ಲಿ ನಡೆದ ಹಾಫ್‌ಮನ್ ಎಂಬ ಇನ್ನೊಬ್ಬ ಗುರುಗಳ ಶ್ರಮ, ಆದಿವಾಸಿಗಳ ಭೂಮಿಯನ್ನು ರಕ್ಷಿಸುವ 1908ರ ಛೋಟಾ ನಾಗಪುರ ಗೇಣಿ ಕಾಯಿದೆಯ ಹಿಂದೆ ಇದೆ. ಕೊನೆಯ ಪೀಠದವರು ಅಂತಹ ಧರ್ಮಸಭೆಯ ಮಕ್ಕಳು.

ಈಗ ಒಂದು ಸಂಗತಿಯನ್ನು ಬರೆಯಬೇಕು. ಬರೆಯದೆ ಬಿಡಬಹುದಾಗಿತ್ತು, ಹಬ್ಬದ ಸಂಚಿಕೆಗೆ ಇದು ತಕ್ಕದ್ದಲ್ಲವೆಂದು ಸಮಿತಿಯ ಒಬ್ಬಿಬ್ಬರು ಹೇಳಿದ್ದೂ ಉಂಟು. ನಾವು ಈ ಧರ್ಮಕೇಂದ್ರಕ್ಕೆ ಬಂದ ಮೊದಲ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ ನಾಲ್ಕು ಮಂದಿ ಗುರುನಿವಾಸದ ಮೆಟ್ಟಿಲ ಬಳಿ ನಿಂತಿದ್ದರು. ತೋಟದಲ್ಲಿ ಮರ ಕಸಿ ಮಾಡುವಾಗ ಬಿದ್ದು ತಮ್ಮವನೊಬ್ಬ ಸತ್ತಿದ್ದಾನೆ, ಸಮಾಧಿ ಭೂಮಿಯಲ್ಲಿ ಜಾಗ ಬೇಕೆಂದು ಅವರು ಹರಕುಮುರುಕು ಕನ್ನಡದಲ್ಲಿ ಕೇಳಿದರು. ಸತ್ತವನು ಕಥೋಲಿಕನೆಂಬುದಕ್ಕೆ ಅವನ ಊರಿನ ಗುರುಗಳ ಪತ್ರ ಇದೆಯೇ ಎಂದು ನಾವು ಕೇಳಿದೆವು. ಇರಲಿಲ್ಲ. ನಮ್ಮ ಸಮಾಧಿ ಭೂಮಿ ಚಿಕ್ಕದು, ವಂತಿಗೆದಾರರಿಗೆಂದು ನಿಯಮವಿದೆ, ನಿಯಮಕ್ಕೆ ವಿರೋಧವಾಗಿ ಹೊಸ ಗುರುಗಳು ನಡೆದರೆಂಬ ಮಾತು ಬರಬಾರದೆಂದು ನಾವು ಯೋಚಿಸಿದೆವು. ಪತ್ರವನ್ನು ತರಿಸಿರಿ ಎಂದು ಹೇಳಿ ಕಳುಹಿಸಿದೆವು. ಪತ್ರ ಬರುವವರೆಗೆ ಹೆಣ ಕಾಯುವುದೇ? ಅವರು ಅವನನ್ನು ತೋಟದ ಅಂಚಿನಲ್ಲಿ, ಹಳ್ಳದ ದಂಡೆಯಲ್ಲಿ ಹೂಳಿದರು. ರಾತ್ರಿಯೆಲ್ಲ ಅಲ್ಲಿ ತಮ್ಮ ಭಾಷೆಯಲ್ಲಿ ಕೀರ್ತನೆಗಳನ್ನು ಹಾಡಿದರೆಂದು ತೋಟದ ರೈಟರು ನಮಗೆ ಮರುದಿನ ಹೇಳಿದರು. ಹನ್ನೆರಡು ದಿನಗಳ ಮೇಲೆ ಅಂಚೆಯಲ್ಲಿ ಒಂದು ಲಕೋಟೆ ಬಂದಿತು. ಅದರಲ್ಲಿ ಅವನ ಜ್ಞಾನಸ್ನಾನದ, ದೃಢೀಕರಣದ, ವಿವಾಹದ ವಿವರಗಳೆಲ್ಲವೂ ಇದ್ದುವು. ಅವನು ತನ್ನ ಊರಿನ ಧರ್ಮಕೇಂದ್ರದಲ್ಲಿ ಉಪದೇಶಿಯಾಗಿದ್ದನೆಂದೂ ಆ ಗುರುಗಳು ಬರೆದಿದ್ದರು.

ನಾವು ಹಳ್ಳದ ದಂಡೆಗೆ ಹೋಗಿ ಸಮಾಧಿಯನ್ನು ಆಶೀರ್ವದಿಸಿ ಬಂದೆವು. ಅದರಿಂದ ಆದುದು ಆಗಲಿಲ್ಲವೆಂದಾಗುವುದಿಲ್ಲ. ಆ ಲಕೋಟೆ ಇಂದಿಗೂ ನಮ್ಮ ಜಪದ ಪುಸ್ತಕದಲ್ಲಿದೆ.

ಆ ಬಳಿಕ ಪಾಲನಾ ಸಮಿತಿಯಲ್ಲಿ ಸಮಾಧಿ ಭೂಮಿಯ ನಿಯಮವನ್ನು ತಿದ್ದಲಾಯಿತು. ಸುಲಭವಾಗಿ ಆಯಿತೆಂದು ಹೇಳಲಾರೆವು. ತಿಂಗಳಿಗೊಮ್ಮೆ ಹಿಂದಿ ಭಾಷೆಯಲ್ಲಿ ಬಲಿಪೂಜೆ ಆರಂಭವಾಯಿತು. ನಾವು ಅರವತ್ತರ ಗಡಿಯಲ್ಲಿ ಹಿಂದಿ ಪಾಪನಿವೇದನೆಯ ಮಾತುಗಳನ್ನು ಮಕ್ಕಳಂತೆ ಬರೆದು ಬಾಯಿಪಾಠ ಮಾಡಿದೆವು. ಉಚ್ಚಾರಣೆಗೆ ಅವರು ನಗುತ್ತಾರೆ, ಆದರೆ ಬರುತ್ತಾರೆ. 2020ರ ಮಾರ್ಚ್‌ನಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ನಮ್ಮ ಮನೆಗಳಿಂದ ಅಕ್ಕಿ ಬೇಳೆ ಧಾರಾಳವಾಗಿ ಬಂದಿತು. ಆ ದಾನಕ್ಕಿಂತಲೂ ನಮ್ಮ ಯುವಕ ಯುವತಿಯರು ಮಾಡಿದ ಒಂದು ಕೆಲಸ ನಮಗೆ ಹೆಚ್ಚು ಮೆಚ್ಚುಗೆಯಾಯಿತು. ಅವರು ಲೈನಿನಿಂದ ಲೈನಿಗೆ ಹೋಗಿ, ಊರಿಗೆ ಹೋಗಬಯಸುವವರ ಹೆಸರುಗಳನ್ನು ಸೇವಾ ಸಿಂಧುವಿನಲ್ಲಿ ಬರೆಯಿಸಿ, ಬಾಕಿ ಕೂಲಿಯ ಲೆಕ್ಕವನ್ನು ಕಾಗದದ ಮೇಲೆ ಇಳಿಸಿ, ಅದನ್ನು ತೋಟದ ಕಚೇರಿಗಳಿಗೆ ಕೊಂಡೊಯ್ದರು. ಕೂಲಿ ಲೆಕ್ಕ ಕೇಳಿದ್ದಕ್ಕೆ ನಮ್ಮವರೇ ಆದ ಕೆಲವು ತೋಟದ ಮಾಲೀಕರು ಮುನಿಸಿಕೊಂಡು ಕೆಲವು ತಿಂಗಳು ದೇವಾಲಯದತ್ತ ಸುಳಿಯಲಿಲ್ಲ. ಈಗ ಬರುತ್ತಿದ್ದಾರೆ, ಈ ಸಂಚಿಕೆಗೆ ಜಾಹೀರಾತನ್ನೂ ಕೊಟ್ಟಿದ್ದಾರೆ, ಅವರಿಗೆ ನಮ್ಮ ಕೃತಜ್ಞತೆಗಳು.

ಕಳೆದ ಪಾಸ್ಖ ಹಬ್ಬದ ಮರುವಾರ ಒಂದು ಹೆಣ್ಣು ಮಗುವಿಗೆ ಜ್ಞಾನಸ್ನಾನವಾಯಿತು. ತಂದೆ ಸಿಮ್ಡೇಗಾ ಜಿಲ್ಲೆಯವನು, ತಾಯಿ ಗುಮ್ಲಾ ಜಿಲ್ಲೆಯವಳು, ಮಗು ಹುಟ್ಟಿದ್ದು ಇಲ್ಲಿಯ ಲೈನು ಮನೆಯಲ್ಲಿ. ದಾಖಲೆ ಪುಸ್ತಕವನ್ನು ಬರೆಯುವ ನಮ್ಮ ಉಪದೇಶಿಯವರು ಲೇಖನಿಯನ್ನು ಹಿಡಿದು, ಊರಿನ ಅಂಕಣದಲ್ಲಿ ಏನೆಂದು ಬರೆಯಲಿ ಸ್ವಾಮಿ ಎಂದು ಕೇಳಿದರು. ನಾವು ಆ ತಂದೆಯ ಮುಖ ನೋಡಿದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ, ಮೆಲ್ಲಗೆ ನಮ್ಮ ಈ ಊರಿನ ಹೆಸರನ್ನು ಹೇಳಿದನು. ಹಾಗೆಯೇ ಬರೆಯಲಾಯಿತು.